ಕಸೂತಿ ಡೆಮೊ ಕೊಟ್ಟು ದುಡಿಯೂದು ಹೆಂಗ: ಹಾಳಿ, ಸೂಜಿ, ಮಂದಿ, ರೊಕ್ಕ

ಕಸೂತಿ ಬರೋ ಹೆಣ್ಮಕ್ಕಳು ನಮ್ಮ ಕಡೆ ಭಾಳ ಮಂದಿ ಸಿಗ್ತಾರ, ಆದ್ರ ನಾಲ್ಕ ಮಂದಿ ಮುಂದ ಕುಂತು ಹಾಕಿ ತೋರಿಸ್ರಿ ಅಂದ್ರ ಹಿಂದ ಸರಿಯೋರ ಹೆಚ್ಚು. ಕೈಕೆಲಸ ಬರೂದು ಬ್ಯಾರೆ, ಅದನ್ನ ತೋರಿಸೂದು ಬ್ಯಾರೆ, ಹೊಸಾ ಡಿಸೈನ್ ಕೂಡಿಸೂದು ಇನ್ನೂ ಬ್ಯಾರೆ. ಮೂರೂ ಮಾಡೋರಿಗೆ ಈಗ ಕೆಲಸ ಐತಿ, ಕಾಲೇಜಿನೋರು ಕರೀತಾರ, ಬೆಂಗಳೂರಿನ ಮೇಳದೋರು ಕರೀತಾರ, ಬುಟಿಕ್ ನಡೆಸೋರು ಫೋನ್ ಮಾಡ್ತಾರ, ಆದ್ರ ಮೂರೂ ಕೆಲಸ ಮಾಡಿಸ್ಕೊಂಡು ಒಂದ ಕೂಲಿ ಕೊಟ್ಟು ಕಳಿಸ್ತಾರ. ನಾನು ಇಳಕಲ್‌ದಾಗ ಇದ ಕೆಲಸ ಮಾಡ್ತೀನಿ, ಹೊಸಬರು ಬಂದು ಅದ ಅದ ಪ್ರಶ್ನಿ ಕೇಳ್ತಿರ್ತಾರ, ಅದಕ್ಕ ಒಮ್ಮೆ ಕುಂತು ಟೈಪ್ ಮಾಡಿಬಿಟ್ಟೀನಿ.

ಮೊದ್ಲು ಹಾಳಿ, ಆಮ್ಯಾಲ ಬಟ್ಟಿ

ಕಸೂತಿಗೆ ಪೆನ್ಸಿಲ್ ಗೆರಿ ಇಲ್ಲ, ಟ್ರೇಸಿಂಗ್ ಇಲ್ಲ, ಬಟ್ಟಿ ಎಳಿ ಎಣಿಸಿ ಹಾಕೂದು. ಹಂಗಾಗಿ ಡಿಸೈನ್ ಮಾಡೂದು ಅಂದ್ರ ಗ್ರಾಫ್ ಹಾಳಿ ಮ್ಯಾಲ ಚೌಕ ಎಣಿಸೂದು ಅಂತನ ತಿಳ್ಕೋರಿ. ಗಿರಾಕಿ "ಮೂರ ಇಂಚಿನ ಗೋಪುರ ಬೇಕು" ಅಂದ್ರ ಲಗೂನ ಹೂಂ ಅನ್ನಬ್ಯಾಡ್ರಿ, ಮೊದ್ಲು ಯಾವ ಬಟ್ಟಿ ಕೇಳ್ರಿ. ಮ್ಯಾಟಿ ಬಟ್ಟಿ (ಎಳಿ ಚೌಕ ಚೌಕ ಆಗಿ ಎದ್ದು ಕಾಣೋ ಹತ್ತಿ ಬಟ್ಟಿ) ಒಳಗ ಇಂಚಿಗೆ 14 ಚೌಕ ಇದ್ರ ಮೂರ ಇಂಚಿಗೆ 42 ಚೌಕ, ನಿಮ್ಮ ಗೋಪುರ ಅಷ್ಟರಾಗ ಕೂಡಬೇಕು. ಅದ ಚಾರ್ಟ್ 11 ಚೌಕದ ಬಟ್ಟಿ ಮ್ಯಾಲ ಹಾಕಿದ್ರ ಹತ್ರ ಹತ್ರ ನಾಲ್ಕ ಇಂಚು ಆಗ್ತೈತಿ, ಆಗ ದಡಿ ಲೆಕ್ಕಾನ ತಪ್ಪತೈತಿ.

ಕೈಮಗ್ಗದ ಬಟ್ಟಿ ಒಳಗ ಇನ್ನೊಂದು ತಕರಾರು ಐತಿ, ಉದ್ದದ ಎಳಿ (ಹಾಸು) ಇಂಚಿಗೆ ಎಷ್ಟು ಇರ್ತಾವೋ ಅಡ್ಡದ ಎಳಿ (ಹೊಕ್ಕು) ಅಷ್ಟ ಇರ್ತಾವ ಅಂತ ಗ್ಯಾರಂಟಿ ಇಲ್ಲ. ಹಾಳಿ ಮ್ಯಾಲ ಚೌಕ್ ಇದ್ದ ತುಳಸಿ ಕಟ್ಟಿ ಸೀರಿ ಮ್ಯಾಲ ಕುಳ್ಳ ಆಗಿ ಕುಂದರ್ತೈತಿ, ಇಲ್ಲಾ ಬಡಕಲ ಆಗಿ ನಿಂದರ್ತೈತಿ. ಒಂದ ಇಂಚು ಅಳತಿ ಇಟ್ಟು ಎರಡೂ ಕಡೆ ಟಾಚಣಿ ಚುಚ್ಚಿ ಭೂತಗನ್ನಡಿ ಹಿಡಿದು ಎರಡೂ ದಿಕ್ಕಿನ ಎಳಿ ಎಣಿಸ್ರಿ, ಆಮ್ಯಾಲ ಸೀರಿ ಮೂಲ್ಯಾಗ ಒಂದ ಸಣ್ಣ ಚೌಕ ಹಾಕಿ ನೋಡ್ರಿ. ಚೌಕ ಚೌಕ ಆಗಿ ಬಂದ್ರ ಮುಂದ ಹೋಗ್ರಿ. ಎಳಿ ಕಣ್ಣಿಗೆ ಹತ್ತಲಾರದಂಥ ರೇಷ್ಮಿ ಬಂದ್ರ ಮ್ಯಾಲ ನೆಟ್ ಬಟ್ಟಿ ಟಾಕಿ ಹಾಕ್ಕೊಂಡು ಅದರ ಕಣ್ಣು ಎಣಿಸ್ಕೋತ ಹಾಕ್ರಿ, ಮುಗಿದ ಮ್ಯಾಲ ನೆಟ್ಟಿನ ಎಳಿ ಒಂದೊಂದ ಎಳದು ತಗೀರಿ.

ಹೊಸಾ ಮೋಟಿಫ್ ಬೇಕು ಅಂತ ಎಲ್ಲಾರೂ ಕೇಳ್ತಾರ. ಗೋಪುರ, ತೇರು, ಆನಿ ಅಂಬಾರಿ, ನವಿಲು, ತೊಟ್ಟಿಲ, ಇವು ಹಿರ್ಯಾರು ಮಾಡಿಟ್ಟಾರ, ಇವನ್ನ ಸರಿಯಾಗಿ ಕಲಿಯದ ಹೊಸಾದಕ್ಕ ಕೈ ಹಾಕಬ್ಯಾಡ್ರಿ. ಕೈ ಹಾಕೂದ ಆದ್ರ ಮೂಲಿ ಇರೋ ವಸ್ತು ಆರಿಸ್ಕೋರಿ, ಯಾಕಂದ್ರ ಕಸೂತಿಗೆ ನೆಟ್ಟನ ಗೆರಿ ಬರ್ತೈತಿ, ವಾರಿ ಗೆರಿ ಬರ್ತೈತಿ, ದುಂಡು ಬರೂದಿಲ್ಲ, ದುಂಡು ಅಂದಿದ್ದೆಲ್ಲಾ ಪಾವಟಿಗಿ ಆಗಿಬಿಡ್ತೈತಿ. ವಿಜಯಪುರದ ಬುಟಿಕ್ಕಿನೋರು ಗೋಳಗುಮ್ಮಟ ಹಾಕಿ ಕೊಡ್ರಿ ಅಂತ ಗಂಟ ಬೀಳ್ತಾರ, ಸಣ್ಣ ಸೈಜಿನ್ಯಾಗ ಅದು ಗುಮ್ಮಟ ಕಾಣೂದಿಲ್ಲ ನೋಡ್ರಿ, ಹೆಲ್ಮೆಟ್ ಕಾಣ್ತೈತಿ. ಅದರ ಬದ್ಲಿ ಪಟ್ಟದಕಲ್ಲಿಗೆ ಹೋಗ್ರಿ. ವಿರೂಪಾಕ್ಷ ಗುಡಿ ಶಿಖರ ಮೆಟ್ಟಿಲ ಮೆಟ್ಟಿಲ ಆಗಿ ಏರತೈತಿ, ಗ್ರಾಫ್ ಹಾಳಿಗೆ ಹೇಳಿ ಮಾಡಿಸಿದಂಗ ಐತಿ. ಅದ ಆವಾರದಾಗ ಇರೋ ಗಳಗನಾಥ ಗುಡಿ ಶಿಖರ ಬಾಗಿ ಹೋಗ್ತೈತಿ, ಅದನ್ನ ಬಿಡ್ರಿ.

ಸೂಜಿ ದಾರಿ ಹಿಡಿಯೂದು

ಡೆಮೊ ಒಳಗ ನೀವು ತೋರಿಸೂದು ಖರೇ ಅಂದ್ರ ಇದೊಂದ. ಕಸೂತಿಗೆ ನಾಲ್ಕ ನಮೂನಿ ಹೊಲಿಗಿ ಅದಾವ: ಗವಂತಿ (ಹೋಗಿ ಹೊಳ್ಳಿ ಬಂದು ತುಂಬೂ ಗೆರಿ), ಮುರ್ಗಿ (ಪಾವಟಿಗಿ ಹಂಗ ಏರೂ ಗೆರಿ), ನೇಗಿ (ನೇಯ್ದಂಗ ಕಾಣೂದು), ಮೆಂತೆ (ಒಂದರ ಮ್ಯಾಲ ಒಂದು ದಾಟೂ ಕ್ರಾಸ್ ಹೊಲಿಗಿ). ಗವಂತಿ ಮತ್ತ ಮುರ್ಗಿ ಎರಡೂ ಬಾಜೂ ಒಂದ ಥರಾ ಕಾಣ್ತಾವ, ನೇಗಿ ಮೆಂತೆ ಹಂಗ ಕಾಣೂದಿಲ್ಲ. ಬಟ್ಟಿ ಹೊಳ್ಳಿಸಿ ತೋರಿಸಿ ಶಬ್ಬಾಶ್ ಅನಿಸ್ಕೋಬೇಕು ಅಂದ್ರ ಗವಂತಿನ ಹಾಕ್ರಿ, ಮೆಂತೆ ಹಾಕಿದ್ದನ್ನ ಹೊಳ್ಳಿಸಿ ನಗೆಪಾಟಲ ಆಗಬ್ಯಾಡ್ರಿ.

ಗವಂತಿ ಹಿಂಗ ಹೇಳಿಕೊಡ್ರಿ. ಸೂಜಿ ಮ್ಯಾಲ ತಗೀರಿ, ನಾಲ್ಕ ಎಳಿ ಬಿಟ್ಟು ಕೆಳಗ ಇಳಿಸ್ರಿ, ಮತ್ತ ನಾಲ್ಕ ಎಳಿ ಕೆಳಗಿಂದನ ಹೋಗಿ ಮ್ಯಾಲ ತಗೀರಿ. ಹೋಗುವಾಗ ಒಂದ ಬಿಟ್ಟು ಒಂದ ಗೆರಿ ಬೀಳ್ತಾವ, ನಡುವ ಖಾಲಿ ಇರ್ತೈತಿ. ಕೊನಿ ಮುಟ್ಟಿ ಹೊಳ್ಳಿ ಬರುವಾಗ ಖಾಲಿ ಬಿಟ್ಟಲ್ಲಿ ತುಂಬ್ಕೋತ ಬರ್ರಿ, ಹೋಗೂ ದಾರಿನೂ ಬರೂ ದಾರಿನೂ ಕೂಡಿ ಒಂದ ಗೆರಿ. ನಡುವ ಟೊಂಗಿ ಬಂತು ಅನ್ಕೋರಿ, ಗೋಪುರದ ಕಳಸಾನೋ ತೇರಿನ ಬಾವುಟಾನೋ, ಅಲ್ಲಿಗೆ ಬಂದ ಕೂಡ್ಲೆ ಟೊಂಗಿ ತುದಿ ತನಕ ಹೋಗಿ ತುಂಬ್ಕೊಂಡು ವಾಪಸ್ ಬಂದು ಮುಖ್ಯ ಗೆರಿ ಹಿಡೀರಿ, ಆಮ್ಯಾಲ ಮಾಡಿದ್ರಾಯ್ತು ಅಂತ ಬಿಡಬ್ಯಾಡ್ರಿ. ಡಿಸೈನ್ ಎಲ್ಲೂ ತುಂಡಾಗದ ಒಂದಕ್ಕೊಂದು ಕೂಡಿದ್ರ ಎಷ್ಟ ಟೊಂಗಿ ಇರಲಿ, ಸೂಜಿ ಎಲ್ಲಾ ಸುತ್ತಿ ಹೊಂಟ ಜಾಗಕ್ಕ ಬಂದು ನಿಂದರ್ತೈತಿ. ಅಲ್ಲೆ ಗಂಟ ಹಾಕೂ ಹಂಗಿಲ್ಲ, ಮೊದ್ಲಿಗೆ ಬಿಟ್ಟ ದಾರದ ತುದಿನೂ ಕೊನೀ ತುದಿನೂ ಹೊಲಿಗಿ ಒಳಗ ನುಗ್ಗಿಸಿ ಮುಚ್ಚೂದು.

ಅದಕ್ಕ ಚಾರ್ಟ್ ಮಾಡುವಾಗ ಸೂಜಿ ಯಾವ ಕಡಿಂದ ಹೋಗ್ತೈತಿ ಅಂತ ಕೆಂಪ್ ಪೆನ್ನಿನ್ಯಾಗ ಬಾಣ ಹಾಕಿಡ್ರಿ. ಮನ್ಯಾಗ ಕುಂತು ನಿಮ್ಮ ಡಿಸೈನ್ ಹಾಕಿ ಕೊಡೋ ಅಕ್ಕಾರಿಗೂ ಅದ ಬೇಕು, ಬರೇ ಚಿತ್ರ ಕೊಟ್ರ ಒಬ್ಬೊಬ್ಬರು ಒಂದೊಂದ ಕಡಿಂದ ಚಾಲೂ ಮಾಡಿ ನಡುವ ದಾರ ಕಡಿದು ಕಡಿದು ಹಿಂದಿನ ಬಾಜೂ ಎಲ್ಲಾ ಗೊಂಜಾಳ ಮಾಡಿ ತರ್ತಾರ, ತಪ್ಪು ಅವರದಲ್ಲ, ಚಾರ್ಟ್ ಕೊಟ್ಟೋರದು.

ದಾರ ಒಂದ ಮೊಳಕ್ಕಿಂತ ಉದ್ದ ತಗೋಬ್ಯಾಡ್ರಿ. ಉದ್ದ ಇದ್ರ ಸಿಕ್ಕ ಬೀಳ್ತೈತಿ, ಬಟ್ಟಿ ಒಳಗ ಹೋಗಿ ಬಂದು ನಾರು ಏಳ್ತೈತಿ.

ಮಂದಿ ಮುಂದ ಕುಂದರೂಮುಂದ

ಇಳಕಲ್ ಸೀರಿ ಮ್ಯಾಲ ಹಾಕ್ಕೋತ ಕುಂತ್ರ ಎರಡ ಫೂಟ್ ದೂರ ನಿಂತವರಿಗೆ ಏನೂ ಕಾಣೂದಿಲ್ಲ. ಸೀರಿ ಪಕ್ಕಕ್ಕ ಹರವಿ ಇಡ್ರಿ, ತೋರ್ಸೂದಕ್ಕ ಗೋಣಿ ತಟ್ಟು ತಗೋರಿ. ಹೂಂ, ಗೋಣಿಚೀಲದ ತಟ್ಟು, ಎಳಿ ದಪ್ಪ ಇರ್ತಾವ, ಉಲ್ಲನ್ ದಾರ, ದೊಡ್ಡ ಕಣ್ಣಿನ ಮೊಂಡ ಸೂಜಿ, ಫ್ರೇಮಿಗೆ ಬಿಗಿದು ನಿಲ್ಲಿಸಿದ್ರ ಹಿಂದಿನ ಸಾಲಿನ ಹುಡುಗೂನು ಎಳಿ ಎಣಿಸ್ತೈತಿ. ರೊಕ್ಕಾನೂ ಹತ್ತೂದಿಲ್ಲ. ಮೊಬೈಲ್ ಸ್ಟ್ಯಾಂಡಿಗೆ ಸಿಗಿಸಿ ಟಿವಿಗೆ ಹಚ್ಚೂ ಸವಲತ್ತು ಇದ್ರ ಅದೂ ಚೊಲೊ, ಆದ್ರ ಮೇಳದಾಗ ಕರೆಂಟ್ ನಂಬಿ ಹೋಗಬ್ಯಾಡ್ರಿ.

ಒಂದ ಬೋರ್ಡ್ ಮ್ಯಾಲ ಅದ ಡಿಸೈನಿನ ನಾಲ್ಕ ತುಂಡು ಹಚ್ಕೊಂಡ ಹೋಗ್ರಿ: ಖಾಲಿ ಬಟ್ಟಿ ಜೋಡಿ ಚಾರ್ಟು, ಹೋಗೂ ದಾರಿ ಅಷ್ಟ ಹಾಕಿದ್ದು, ಹೊಳ್ಳಿ ಬರೂ ದಾರಿ ಅರ್ಧ ಮುಗದದ್ದು, ಪೂರಾ ಆದದ್ದು. ಮಂದಿ ಸ್ಟಾಲ್ ಮುಂದ ಭಾಳ ಹೊತ್ತು ನಿಂದ್ರೂದಿಲ್ಲ, ಅಷ್ಟರಾಗ ನಿಮ್ಮ ಸೂಜಿ ಎರಡ ಚೌಕ ಹೋಗಿರೂದಿಲ್ಲ, ಬೋರ್ಡ್ ಇದ್ರ ಅವರಿಗೆ ತಲಿಗೆ ಹೋಗ್ತೈತಿ. ಮಾತಾಡ್ಕೋತ ಹಾಕೂದಕ್ಕ ಆನಿ ಅಂಬಾರಿ ಹಿಡಿಯಬ್ಯಾಡ್ರಿ, ಎಣಿಕಿ ತಪ್ಪತೈತಿ, ಕೈಗೆ ರೂಢಿ ಆಗಿರೋ ದಡಿ ಡಿಸೈನ್ ಹಾಕ್ರಿ.

ಕೇಳೂ ಪ್ರಶ್ನಿ ಎಲ್ಲಾ ಕಡೆನೂ ಅವ. "ಇದು ಮಷಿನ್ ಅಲ್ಲೇನ್ರಿ ಅಕ್ಕಾರ?" ಬಾಯಿಲೆ ವಾದ ಮಾಡಬ್ಯಾಡ್ರಿ, ಗವಂತಿ ಹಾಕಿದ್ದನ್ನ ಹೊಳ್ಳಿಸಿ ಅವರ ಕೈಯಾಗ ಕೊಡ್ರಿ, ಗಂಟ ಹುಡಕ್ರಿ ಅನ್ರಿ. "ಸೀರಿ ನೀವ ನೇಯ್ದದ್ದಾ?" ಇದಕ್ಕ ಮಾತ್ರ ನೆಟ್ಟಗ ಉತ್ತರ ಕೊಡಬೇಕು. ಇಳಕಲ್ ಸೀರಿ ನೇಯೋರು ನೇಕಾರ್ರು, ಮೈ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಸೂದು, ಟೋಪ ತೆನಿ ಅನ್ನೂ ನಮೂನಿ ಸೆರಗು ತಗಿಯೂದು ಅವರ ಕಸಬು, ನಾವು ಅದರ ಮ್ಯಾಲ ಸೂಜಿ ಹಿಡಿಯೋರು. ಕಸೂತಿಗೂ ಇಳಕಲ್ ಸೀರಿಗೂ ಬ್ಯಾರೆ ಬ್ಯಾರೆ ಜಿಐ ಟ್ಯಾಗ್ (ಇದು ಇಂಥಾ ಸೀಮಿ ಕಸಬು ಅಂತ ಸರ್ಕಾರದ ಗುರುತು) ಐತಿ. ಪವರ್‌ಲೂಮ್ ಸೀರಿ ಇಟ್ಕೊಂಡು ಕೈಮಗ್ಗ ಅಂತ ಹೇಳೋರ ಪಕ್ಕದ ಸ್ಟಾಲಿನ್ಯಾಗ ಇದ್ರ ಸಿಟ್ಟ ಬರ್ತೈತಿ, ಖರೇ, ಆದ್ರ ಗಿರಾಕಿ ಮುಂದ ಜಗಳ ತಗೀಬ್ಯಾಡ್ರಿ, ನಿಮ್ಮ ಸೀರಿ ಕೊಂಡಿ ತೋರಿಸ್ರಿ ಸಾಕು. "ಕಡಿಮಿ ಮಾಡ್ರಿ" ಅನ್ನೋರಿಗೆ ತಾಸಿನ ಲೆಕ್ಕ ಹೇಳ್ರಿ, ಕೆಳಗ ಬರದೀನಿ.

ವರ್ಕ್‌ಶಾಪ್ ಅಂದ್ರ ಇನ್ನೊಂದು ಆಟ. ಎರಡ ತಾಸಿನ್ಯಾಗ 20 ಮಂದಿಗೆ ಕಲಿಸ್ರಿ ಅಂತಾರ, ಅದರಾಗ ಸೂಜಿಗೆ ದಾರ ಪೋಣಿಸೂದರಾಗನ ಅರ್ಧ ಟೈಮ್ ಹೋಗ್ತೈತಿ. ರಾತ್ರಿನ ಎಲ್ಲಾ ಸೂಜಿ ಪೋಣಿಸಿ ರಟ್ಟಿಗೆ ಚುಚ್ಚಿ ಒಯ್ರಿ, ಮ್ಯಾಟಿ ಬಟ್ಟಿ ಆರ ಇಂಚಿನ ತುಂಡು ಮಾಡಿ ಅಂಚಿಗೆ ಟೇಪ್ ಹಚ್ರಿ, ಎಂಟ ಹತ್ತ ಹೊಲಿಗ್ಯಾಗ ಮುಗಿಯೂ ಸಣ್ಣ ಚಿಕ್ಕಿ (ನಕ್ಷತ್ರ) ಡಿಸೈನ್ ಕೊಡ್ರಿ. ಕಡು ಬಣ್ಣದ ದಾರ, ಬಿಳಿ ಬಟ್ಟಿ. ಕರಿ ಚಂದ್ರಕಾಳಿ ಸೀರಿ ಚಂದ ಕಾಣ್ತೈತಿ, ಆದ್ರ ಕರಿ ಬಟ್ಟಿ ಎಳಿ ಎಣಿಸೂದು ಹೊಸಬರಿಗೆ ಶಿಕ್ಷಾ. ಎಡಗೈಯವರು ಒಬ್ಬರಾದ್ರೂ ಇರ್ತಾರ, ಅವರನ್ನ ಬಾಜೂ ಕುಂದರಿಸ್ಕೋಬ್ಯಾಡ್ರಿ, ಎದುರಿಗೆ ಕುಂದರಿಸ್ರಿ, ನಿಮ್ಮ ಕೈ ಅವರಿಗೆ ಕನ್ನಡಿ ಆಗ್ತೈತಿ. ಹತ್ತ ಮಂದಿ ಮ್ಯಾಲ ಆದ್ರ ಜೋಡಿಗೆ ಒಬ್ಬಾಕಿನ ಕರ್ಕೊಂಡ ಹೋಗ್ರಿ, ಆಕಿ ಪಗಾರ ಕರದವರ ಕೊಡಬೇಕು, ಮೊದ್ಲ ಹೇಳ್ರಿ.

ರೊಕ್ಕದ ಮಾತು

ಇಲ್ಲೆ ನಮ್ಮ ಮಂದಿ ಸೋಲೂದು. ಡಿಸೈನ್ ಚಾರ್ಜ್, ಸ್ಯಾಂಪಲ್ ಚಾರ್ಜ್, ಹೊಲಿಗಿ ಕೂಲಿ, ಡೆಮೊ ದಿನಗೂಲಿ, ಇವು ನಾಲ್ಕ ಬ್ಯಾರೆ ಬ್ಯಾರೆ ಸಾಲು, ಬಿಲ್ಲಿನ್ಯಾಗೂ ಬ್ಯಾರೆನ ಬರೀರಿ. ಗೋಪುರ ತೇರು ಯಾರ ಸ್ವತ್ತೂ ಅಲ್ಲ, ಊರ ಸ್ವತ್ತು, ಆದ್ರ ಅವನ್ನ ಸೆರಗಿನ್ಯಾಗ ಹೆಂಗ ಜೋಡಿಸಿ ಚಾರ್ಟ್ ಮಾಡೀರಿ ಅನ್ನೂದು ನಿಮ್ಮ ದುಡಿಮಿ. ಚಾರ್ಟಿನ ಫೋಟೋ ವಾಟ್ಸಾಪ್ ಮಾಡ್ರಿ ನೋಡಿ ಹೇಳ್ತೀವಿ ಅಂತಾರ, ಅಡ್ವಾನ್ಸ್ ಬರೂ ತನಕ ಪೂರಾ ಚಾರ್ಟ್ ಕಳಿಸಬ್ಯಾಡ್ರಿ, ಹೊಲಿದ ಸ್ಯಾಂಪಲ್ಲಿನ ಸಣ್ಣ ಫೋಟೋ ಕಳಿಸ್ರಿ.

ಹೊಲಿಗಿ ಕೂಲಿ ಅಂದಾಜಿನ್ಯಾಗ ಹೇಳಬ್ಯಾಡ್ರಿ. ಒಂದ ಗೋಪುರ ನೀವ ಕುಂತು ಹಾಕ್ರಿ, ಗಡಿಯಾರ ಇಟ್ಕೋರಿ. ಎರಡೂವರಿ ತಾಸು ಹಿಡೀತು ಅನ್ಕೋರಿ, ಸೆರಗಿಗೆ 12 ಗೋಪುರ ಅಂದ್ರ 30 ತಾಸು. ದಿನಾ ಐದ ತಾಸಿಗಿಂತ ಹೆಚ್ಚು ಕಣ್ಣ ತಡಿಯೂದಿಲ್ಲ, ಅಂದ್ರ ಆರ ದಿನ. ಆರ ದಿನದ ಕೂಲಿ ಎಷ್ಟ ಆಗಬೇಕು ಅನ್ನೂದು ನಿಮ್ಮೂರಾಗ ಹೊಲದ ಕೂಲಿ ಎಷ್ಟ ನಡದೈತಿ ಅದಕ್ಕ ಹಚ್ಚಿ ನೋಡ್ರಿ, ಅದಕ್ಕಿಂತ ಕೆಳಗ ಇಳಿಯೂದ ಆದ್ರ ಕಸೂತಿ ಯಾಕ ಹಾಕಬೇಕು. ಈ ಲೆಕ್ಕಾನ ಬರದು ಸ್ಟಾಲಿನ್ಯಾಗ ಇಟ್ರ ಚೌಕಾಸಿ ತಾನ ಕಡಿಮಿ ಆಗ್ತೈತಿ.

ಡೆಮೊಕ್ಕ ಕರೀಲಿಕ್ಕೆ ಫೋನ್ ಬಂದ್ರ ದಿನಗೂಲಿ, ಹೋಗಿ ಬರೂ ಖರ್ಚು, ಇರೂ ವ್ಯವಸ್ಥಾ, ಊಟ, ಸಾಮಾನಿನ ಖರ್ಚು ಕೇಳ್ರಿ, ಎಲ್ಲಾ ವಾಟ್ಸಾಪಿನ್ಯಾಗ ಬರದು ಕಳಿಸ್ರಿ ಅನ್ರಿ. ಪ್ರಯಾಣದ ದಿನಾನೂ ಅರ್ಧ ದಿನದ ಕೂಲಿ ಅಂತ ಹಿಡೀರಿ. "ನಿಮಗ ಪ್ರಚಾರ ಸಿಗ್ತೈತ್ರಿ" ಅನ್ನೋರು ಬರ್ತಾರ, ಒಂದ ದೊಡ್ಡ ಕಾರ್ಯಕ್ರಮದೋರು ನಂಗ ದೀಪ ಹಚ್ಚೂ ಸ್ಟೇಜಿನ ಹಿಂದ, ಜನರೇಟರ್ ಬಾಜೂ ಕುಂದರಿಸಿದ್ರು, ಪ್ರಚಾರ ಅಂದ್ರ ಅದು. ಜಾಗ, ಲೈಟು, ಕುರ್ಚಿ ಮೊದ್ಲ ಕೇಳ್ರಿ. ನಿಮ್ಮ ಒಂದ ಎಲ್‌ಇಡಿ ಲೈಟ್, ಎಕ್ಸ್‌ಟೆನ್ಶನ್ ಬೋರ್ಡ್ ಬ್ಯಾಗಿನ್ಯಾಗ ಇರಲಿ.

ಕೇಂದ್ರ ಸರ್ಕಾರದ ಹ್ಯಾಂಡಿಕ್ರಾಫ್ಟ್ಸ್ ಡೆವಲಪ್‌ಮೆಂಟ್ ಕಮಿಷನರ್ ಆಫೀಸಿನ ಪೆಹಚಾನ್ ಕಾರ್ಡ್ (ಕೈಕೆಲಸದೋರ ಗುರುತಿನ ಚೀಟಿ) ಇಲ್ಲದೋರು ಮಾಡಿಸ್ಕೋರಿ, ಸರ್ಕಾರಿ ಮೇಳದ ಸ್ಟಾಲಿಗೆ ಅದನ್ನ ಕೇಳ್ತಾರ.

ಸೀಸನ್

ವರ್ಷದ ಲೆಕ್ಕ ಹಿಂಗ ಇಟ್ಕೋರಿ. ಬನದ ಹುಣ್ಣಿವಿಗೆ ಬಾದಾಮಿ ಬನಶಂಕರಿ ಜಾತ್ರಿ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರಿ. ಜಾತ್ರ್ಯಾಗ ದೊಡ್ಡ ಸೀರಿ ಹೋಗೂದಿಲ್ಲ, ಗುಳೇದಗುಡ್ಡ ಖಣದ ಮ್ಯಾಲ ಒಂದ ಸಣ್ಣ ಕಸೂತಿ ಹಾಕಿದ ಚೀಲ, ಕುಪ್ಪಸದ ತೋಳಿನ ಪಟ್ಟಿ, ಇಂಥಾವ ಹೋಗ್ತಾವ. ಫೆಬ್ರುವರಿಗೆ ಹರಿಯಾಣದ ಸೂರಜಕುಂಡ ಮೇಳ, ಅಲ್ಲಿಗೆ ಹೋಗೋರು ಭಾಳ ಮೊದ್ಲ ಅರ್ಜಿ ಹಾಕಬೇಕು. ಬ್ಯಾಸಿಗಿ ಒಳಗ ಇಲ್ಲೆ 40 ಡಿಗ್ರಿ ದಾಟತೈತಿ, ಕೈ ಬೆವತು ಬಿಳಿ ಬಟ್ಟಿ ಮ್ಯಾಲ ಕಲಿ ಬೀಳ್ತೈತಿ, ಬೆಳಿಗ್ಗಿ ಲಗೂ ಎದ್ದು ಹೊಲಿಗಿ ಮುಗಿಸಿ ಮಧ್ಯಾಹ್ನ ಚಾರ್ಟ್ ಕೆಲಸ ಮಾಡ್ರಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 2015ರಿಂದ ಮಾಡ್ತಾರ, ಆ ವಾರ ಕಾಲೇಜಿನೋರು ಎಲ್ಲಾರೂ ಒಮ್ಮೆಲೆ ಫೋನ್ ಮಾಡ್ತಾರ, ಜುಲೈದಾಗನ ತಾರೀಖ ಹಂಚ್ಕೊಂಡ ಬಿಡ್ರಿ. ಅಕ್ಟೋಬರ್‌ದಾಗ ಕಿತ್ತೂರು ಉತ್ಸವ, ಆಮ್ಯಾಲ ಲಗ್ನದ ಆರ್ಡರ್.

ಡೆಮೊ ಮುಗಿಸಿ ಬಂದ ಮರುದಿನ ಬಾಕಿ ರೊಕ್ಕದ ಮೆಸೇಜ್ ಹಾಕ್ರಿ, ವಾರ ಬಿಟ್ರ ಅವರು ಮರೀತಾರ. ಆರ್ಡರ್ ಬುಕ್ಕಿನ್ಯಾಗ ಹೆಸರು, ಬಟ್ಟಿ, ಚೌಕದ ಲೆಕ್ಕ, ಕೊಡೂ ತಾರೀಖ ಬರೀರಿ, ತಾರೀಖಿಗೆ ಒಂದ ವಾರ ಹೆಚ್ಚ ಹೇಳ್ರಿ, ಅಕ್ಕಾರ ಮನ್ಯಾಗ ಹಬ್ಬ ಬರ್ತಾವ, ಹುಡ್ರಿಗೆ ಜ್ವರ ಬರ್ತಾವ. ಬೋರ್ಡ್ ಮ್ಯಾಲಿನ ತುಂಡು ಧೂಳ ಹಿಡದಿರ್ತಾವ, ತಣ್ಣೀರಾಗ ಅದ್ದಿ ನೆರಳಾಗ ಒಣಗಿಸಿ ಇಡ್ರಿ, ಬಿಸಿಲಿಗೆ ಹಾಕಿದ್ರ ಬಣ್ಣ ಹೋಗ್ತೈತಿ.