ಓಟು ಕೇಳಲು ಬರುವವರ ಮುಂದೆ ಊರಿನ ಕಷ್ಟ ಇಡುವುದು ಹೇಗೆ?

ನಮ್ಮ ಕಡೆ ವಿಧಾನಸಭೆ ಚುನಾವಣೆ ಬರುವುದು ಬೇಸಿಗೆಯಲ್ಲಿ. 2018ರಲ್ಲಿ ಮೇ 12ಕ್ಕೆ ಓಟು ಹಾಕಿದೆವು, 2023ರಲ್ಲಿ ಮೇ 10ಕ್ಕೆ. ಆ ಹೊತ್ತಿಗೆ ಹಳ್ಳ ಒಣಗಿರುತ್ತದೆ. ರಸ್ತೆಯಲ್ಲಿ ಕೆಸರಿಲ್ಲ, ಜೀಪು ಸೀದಾ ಅಂಗಳಕ್ಕೇ ಬರುತ್ತದೆ. ಬಂದವರು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, "ಏನಮ್ಮಾ, ಊರಲ್ಲಿ ಏನು ಸಮಸ್ಯೆ?" ಅಂತ ಕೇಳುತ್ತಾರೆ. ರಸ್ತೆ ಸರಿಯಿಲ್ಲ, ಕರೆಂಟಿಲ್ಲ, ಅಡಿಕೆಗೆ ರೇಟಿಲ್ಲ ಅಂತ ನಾವು ಒಂದೇ ಉಸಿರಿಗೆ ಹೇಳುತ್ತೇವೆ. "ಮಾಡೋಣ" ಅಂತಾರೆ. ಮಾತು ಅಲ್ಲಿಗೆ ಮುಗಿಯಿತು.

ನಾನು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನವಳು, ನಗರ ಅನ್ನುವ ಊರಿನ ಕಡೆ. ಒಂದೂವರೆ ಎಕರೆ ಅಡಿಕೆ ತೋಟ ಇದೆ, ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಮುಂದೆ ನಮ್ಮನ್ನು ಆಳಲು ಬರುವವರ ಹತ್ತಿರ ಹೇಗೆ ಮಾತಾಡಬೇಕು ಅಂತ ಸಂಘದಲ್ಲಿ ಕೂತು ಯೋಚಿಸಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ನಿಮ್ಮೂರಿಗೂ ಹೊಂದುತ್ತದೆ ಅನಿಸಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲೇ ಶುರು ಮಾಡಿ

ಚುನಾವಣೆ ಘೋಷಣೆಯಾದ ಮೇಲೆ ಎದ್ದರೆ ತಡವಾಯಿತು. ನೀತಿಸಂಹಿತೆ ಜಾರಿಯಾದರೆ ಹೊಸ ಕೆಲಸ ಮಂಜೂರು ಮಾಡುವ ಹಾಗೇ ಇಲ್ಲ. ಅದಕ್ಕಿಂತ ಮುಖ್ಯ, ನಮ್ಮ ಕಷ್ಟ ಕಣ್ಣಿಗೆ ಕಾಣುವುದು ಜೂನ್‌ನಿಂದ ಸೆಪ್ಟೆಂಬರ್ ತನಕ.

ಹಳ್ಳ ದಾಟುವ ನಮ್ಮ ಕಾಲುಸಂಕವನ್ನೇ ತೆಗೆದುಕೊಳ್ಳಿ. ಎರಡು ಅಡಿಕೆ ಮರ ಜೋಡಿಸಿ ಬಳ್ಳಿಯಲ್ಲಿ ಬಿಗಿದು, ಒಂದು ಕಡೆ ಹಿಡಿದುಕೊಳ್ಳಲು ಬಿದಿರಿನ ಕೈತಾಂಗು ಕಟ್ಟಿದ್ದು. ಪ್ರತಿ ವರ್ಷ ಮೃಗಶಿರ ಮಳೆ ಹಿಡಿಯುವ ಮೊದಲು ಊರವರೇ ಹೊಸದಾಗಿ ಹಾಕುತ್ತಾರೆ. ಆಷಾಢದ ಹೊತ್ತಿಗೆ ಮರದ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು, ಬೆರಳು ಊರಿ ಊರಿ ದಾಟುತ್ತಾರೆ. ಕೆಳಗೆ ಕೆಂಪು ನೀರು ಸೊಂಯ್ ಅಂತ ಹೋಗುತ್ತಿರುತ್ತದೆ. ಏಪ್ರಿಲ್‌ನಲ್ಲಿ ಬಂದವರಿಗೆ ಇದೇ ಜಾಗ ತೋರಿಸಿದರೆ "ಇಷ್ಟೇನಾ?" ಅಂತಾರೆ, ಅಲ್ವಾ?

ಹಾಗಾಗಿ ಮಳೆಯಲ್ಲೇ ಫೋಟೋ ತೆಗೆಯಿರಿ. ಫೋಟೋದಲ್ಲಿ ತಾರೀಕು ಕಾಣಲಿ. ದಡದಲ್ಲಿ ದೊಡ್ಡವರೊಬ್ಬರು ನಿಂತಿರಲಿ, ನೀರು ಎಷ್ಟು ಎತ್ತರಕ್ಕೆ ಬಂದಿದೆ ಅಂತ ಗೊತ್ತಾಗುತ್ತದೆ. ಹಳ್ಳದ ಅಗಲವನ್ನು ಬೇಸಿಗೆಯಲ್ಲಿ ಹಗ್ಗ ಹಿಡಿದು ಅಳೆದಿಡಿ. ಆಚೆ ಎಷ್ಟು ಮನೆ, ಎಷ್ಟು ಶಾಲೆ ಮಕ್ಕಳು, ಸಂಕ ಹೋದರೆ ಸುತ್ತು ದಾರಿ ಎಷ್ಟು ಕಿಲೋಮೀಟರ್ ಅಂತ ಬರೆಯಿರಿ. ಜುಲೈ ತಿಂಗಳಲ್ಲಿ ಆ ಮಕ್ಕಳು ಎಷ್ಟು ದಿನ ಗೈರಾಗಿದ್ದರು ಅಂತ ಹಾಜರಿ ಪುಸ್ತಕ ನೋಡಿ ಮೇಷ್ಟ್ರು ಹೇಳುತ್ತಾರೆ. ಅದನ್ನೂ ಸೇರಿಸಿ. "ಸೇತುವೆ ಬೇಕು" ಅನ್ನುವ ಒಂದು ಸಾಲು ಈಗ ಒಂದು ಪುಟವಾಯಿತು. ಅದನ್ನು ಕೈಯಲ್ಲಿ ಹಿಡಿದವರಿಗೆ "ನೋಡೋಣ" ಅಂತ ಎದ್ದು ಹೋಗುವುದು ಕಷ್ಟ.

ಹೀಗೆ ಅಳತೆ ಹಿಡಿದು ಕೇಳುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ನಿಂತಾಗ ಅವರ ದೊಡ್ಡ ತಕರಾರು ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದಿತ್ತು. ಸರಿಯಾದ ಅಳತೆಯಲ್ಲಿ ಅಳೆಯಿರಿ ಅಂತ ಇವರು ಕೇಳಿದರು. ಅವರ ಜೊತೆ ನಿಂತ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬರಲು 1974 ಆಗಬೇಕಾಯಿತು. ಅಷ್ಟು ದೊಡ್ಡ ಬದಲಾವಣೆಯ ಹಿಂದೆ ಒಂದು ಕೊಳಗದ ಜಗಳ ಇತ್ತು ಅನ್ನುವುದು ನನಗೆ ಈಗಲೂ ಧೈರ್ಯ ಕೊಡುತ್ತದೆ.

ಯಾರ ಕೆಲಸ ಅಂತ ಮೊದಲು ತಿಳಿದುಕೊಳ್ಳಿ

ಇಲ್ಲೇ ನಾವು ಜಾಸ್ತಿ ಮೋಸ ಹೋಗುವುದು. ಅಡಿಕೆ ಆಮದಿನ ವಿಷಯ ಶಾಸಕರ ಕೈಯಲ್ಲಿಲ್ಲ. ಹೊರಗಿನ ಅಡಿಕೆಗೆ ಕನಿಷ್ಠ ದರ ಕಟ್ಟುವುದು ಕೇಂದ್ರ ಸರ್ಕಾರ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದೂ ಅವರೇ. ಅದನ್ನು ಸಂಸದರ ಹತ್ತಿರ ಕೇಳಿ. ಶಾಸಕರ ಹತ್ತಿರ ಕೇಳಬೇಕಾದದ್ದು ಬೇರೆ: ಎಲೆಚುಕ್ಕಿ ರೋಗಕ್ಕೆ ತೋಟಗಾರಿಕೆ ಇಲಾಖೆಯ ಔಷಧ ಮಳೆ ಹಿಡಿಯುವ ಮೊದಲೇ ಬರುತ್ತದಾ? ನಮ್ಮ ಪಂಚಾಯಿತಿಯ ಮಳೆಮಾಪಕ ಸರಿ ಇದೆಯಾ?

ಮಳೆಮಾಪಕದ ಮಾತು ಸಣ್ಣದು ಅನಿಸಬಹುದು. ಆದರೆ ಅಡಿಕೆಗೆ ನಾವು ಕಟ್ಟುವುದು ಹವಾಮಾನ ಆಧರಿಸಿದ ಬೆಳೆ ವಿಮೆ. ಕೊಳೆ ರೋಗ ಬಂದು ಕಾಯಿ ಉದುರಿ ಮರದ ಬುಡ ತುಂಬಿದ್ದನ್ನು ಯಾರೂ ಬಂದು ಎಣಿಸುವುದಿಲ್ಲ. ಮಾಪಕ ಎಷ್ಟು ಮಳೆ ತೋರಿಸಿತು ಅನ್ನುವುದರ ಮೇಲೆ ಪರಿಹಾರ ನಿಲ್ಲುತ್ತದೆ. ಮಾಪಕ ಕೆಟ್ಟು ಕೂತರೆ ವರ್ಷದ ದುಡ್ಡು ಕೈತಪ್ಪಬಹುದು. ಕಂತು ಕಟ್ಟುವ ಮೊದಲೇ ಹೋಗಿ ನೋಡಿ ಬನ್ನಿ, ಕೆಟ್ಟಿದ್ದರೆ ಬರಹದಲ್ಲಿ ದೂರು ಕೊಡಿ.

ಜಮೀನಿನ ವಿಷಯಕ್ಕೂ ಇದೇ ಮಾತು. "ಹಕ್ಕುಪತ್ರ ಕೊಡಿಸಿ" ಅಂದರೆ ಎಲ್ಲರೂ ಹೂಂ ಅಂತಾರೆ. ಸರ್ಕಾರಿ ಜಮೀನು ಸಾಗುವಳಿ ಮಾಡಿದವರ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಆದ್ದರಿಂದ ನೇರವಾಗಿ ಕೇಳಿ: ನೀವು ಗೆದ್ದರೆ ವರ್ಷಕ್ಕೆ ಎಷ್ಟು ಸಲ ಸಮಿತಿ ಸಭೆ ಕರೆಯುತ್ತೀರಿ? ನಮ್ಮ ಹಳ್ಳಿಯ ಅರ್ಜಿಗಳನ್ನು ಯಾವಾಗ ಮುಂದಿಡುತ್ತೀರಿ? ಕಾಡಿನ ಜಮೀನಿನಲ್ಲಿ ಇರುವವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಮಾತ್ರ ಬೇರೆ. ಅದು 2006ರ ಕೇಂದ್ರದ ಕಾಯ್ದೆ. ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ದಾಖಲೆ ಕೊಡಬೇಕು, ಅಲ್ಲೇ ನಮ್ಮವರ ಅರ್ಜಿ ಬೀಳುವುದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮನೆ ಮುಳುಗಿ ಕಾಡಂಚಿಗೆ ಬಂದವರಿಗೆ ಆ ದಾಖಲೆ ಎಲ್ಲಿಂದ ಬರಬೇಕು? ಅಣೆಕಟ್ಟು ಮುಗಿದು 60 ವರ್ಷ ದಾಟಿದರೂ ಅವರಿನ್ನೂ ಕಾಗದಕ್ಕಾಗಿ ಅಲೆಯುತ್ತಿದ್ದಾರೆ. ಇದನ್ನು ಸಂಸದರಿಗೂ ಶಾಸಕರಿಗೂ ಇಬ್ಬರಿಗೂ ಕೇಳಬೇಕು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಲು ಬಿಡಬೇಡಿ.

ಹೊಸನಗರದವರಿಗೆ ಇನ್ನೊಂದು ತೊಡಕಿದೆ. 2008ರಿಂದ ನಮ್ಮ ತಾಲ್ಲೂಕಿಗೆ ಸ್ವಂತ ಕ್ಷೇತ್ರ ಇಲ್ಲ. ಅರ್ಧ ತೀರ್ಥಹಳ್ಳಿಗೆ, ಅರ್ಧ ಸಾಗರಕ್ಕೆ. ಆಸ್ಪತ್ರೆ, ಬಸ್ಸಿನಂಥ ಇಡೀ ತಾಲ್ಲೂಕಿನ ಬೇಡಿಕೆ ಇದ್ದರೆ ಎರಡೂ ಕಡೆಯ ಅಭ್ಯರ್ಥಿಗಳಿಗೆ ಒಂದೇ ಪತ್ರ ಕೊಡಿ.

ಹೆಂಗಸರ ಪ್ರಶ್ನೆ ಹೆಂಗಸರೇ ಕೇಳಲಿ

2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪುಕ್ಕಟೆ. ಒಳ್ಳೆಯದೇ. ಆದರೆ ಅದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ನಾವು ಈಗಲೂ ದುಡ್ಡು ಕೊಟ್ಟೇ ಹೋಗುತ್ತೇವೆ. ಸಂತೆಗೆ, ಆಸ್ಪತ್ರೆಗೆ, ಮಗಳ ಕಾಲೇಜಿಗೆ. ಇದು ಗಂಡಸರ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದಕ್ಕೇ ಪ್ರಶ್ನೆ ಹೀಗಿರಲಿ: ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಒಂದು, ಸಂಜೆ ಒಂದು ಸರ್ಕಾರಿ ಬಸ್ ಈ ಮಾರ್ಗಕ್ಕೆ ಹಾಕಿಸುತ್ತೀರಾ? ಯಾವ ತಿಂಗಳ ಒಳಗೆ?

ಆಸ್ಪತ್ರೆಯದ್ದೂ ಹಾಗೇ. ನಮ್ಮ ಮಾವನಿಗೆ ಎದೆನೋವು ಬಂದ ರಾತ್ರಿ ಫೋನಿಗೆ ಸಿಗ್ನಲ್ ಇಲ್ಲದೆ ಗುಡ್ಡ ಹತ್ತಿ ಆಂಬುಲೆನ್ಸ್ ಕರೆದೆವು. ಅದು ಬರುವ ರಸ್ತೆಯ ತನಕ ಅವರನ್ನು ಕಂಬಳಿಯಲ್ಲಿ ಹೊತ್ತರು. ಉಳಿದುಕೊಂಡರು, ದೇವರ ದಯೆ. "ಆರೋಗ್ಯ ಸೌಲಭ್ಯ" ಅಂತ ಕೇಳುವ ಬದಲು ನಾವು ಮೂರು ಮಾತು ಬರೆದಿದ್ದೇವೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ವೈದ್ಯರು, ಊರಿಗೆ ಸಿಗ್ನಲ್, ಮತ್ತೆ ಮಂಗನ ಕಾಯಿಲೆಗೆ ತಯಾರಿ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡದೆ ನಿಲ್ಲಿಸಿದರು. ದರಕಿಗೆ (ಒಣ ಎಲೆಗೆ), ಸೊಪ್ಪಿಗೆ ಕಾಡಿಗೆ ಹೋಗುವವರು ನಾವು, ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚುವುದು ನಮಗೆ. ಅದು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಡಿಸೆಂಬರ್‌ಗಿಂತ ಮೊದಲೇ ಮನೆ ಮನೆಗೆ ಬರಬೇಕು, ಕೇಸ್ ಬಂದ ಮೇಲೆ ಅಲ್ಲ.

ಅವರು ಬಂದ ದಿನ

ಎಲ್ಲರೂ ಒಟ್ಟಿಗೆ ಮಾತಾಡಬೇಡಿ. ಮೂರೇ ಬೇಡಿಕೆ ಆರಿಸಿ, ಒಬ್ಬೊಬ್ಬರು ಒಂದೊಂದು ಓದಿ. ಅಭ್ಯರ್ಥಿಯ ಪ್ರಮಾಣಪತ್ರವನ್ನು (ಅಫಿಡವಿಟ್) ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಆಸ್ತಿ, ಸಾಲ, ಕೇಸು ಎಲ್ಲ ಅದರಲ್ಲಿರುತ್ತದೆ. ಸೀರೆ, ಕುಕ್ಕರ್, ನೋಟು ಯಾವುದನ್ನೂ ಮುಟ್ಟಬೇಡಿ. ತೆಗೆದುಕೊಂಡ ಮನೆಯಿಂದ ಪ್ರಶ್ನೆ ಏಳುವುದಿಲ್ಲ.

ಬೇಡಿಕೆ ಪತ್ರ ಎರಡು ಪ್ರತಿ ಇರಲಿ. ಒಂದು ಅವರಿಗೆ. ಇನ್ನೊಂದರ ಮೇಲೆ ಅವರದ್ದೇ ಅಕ್ಷರದಲ್ಲಿ "ಆಗುತ್ತದೆ", "ಆಗುವುದಿಲ್ಲ", "ಇಷ್ಟರೊಳಗೆ" ಅಂತ ಬರೆಸಿ ಸಹಿ ಹಾಕಿಸಿ. "ಇದು ನನ್ನ ಕೈಯಲ್ಲಾಗುವುದಿಲ್ಲ" ಅಂತ ಬರೆದುಕೊಟ್ಟವರ ಮೇಲೆ ಸಿಟ್ಟು ಮಾಡಬೇಡಿ. ಎಲ್ಲದಕ್ಕೂ ಹೂಂ ಅನ್ನುವವರಿಗಿಂತ ಅವರು ಮೇಲು. ಸಹಿ ಹಾಕದೆ ಹೋದರೆ ಅದನ್ನೂ ತಾರೀಕಿನ ಸಮೇತ ಬರೆದಿಡಿ.

ಗೆದ್ದವರಿಗೆ ಮೂರು ತಿಂಗಳು ಬಿಟ್ಟು ಆ ಪತ್ರದ ನಕಲು ಕಳಿಸಿ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ಇದೆ, ಕಾಲುಸಂಕದಂಥ ಕೆಲಸ ಅದರಲ್ಲೇ ಆಗಬಹುದು. ದೊಡ್ಡ ವಿಷಯವಾದರೆ ವಿಧಾನಸಭೆಯಲ್ಲಿ ಪ್ರಶ್ನೆ ಹಾಕಿ ಅಂತ ಕೇಳಿ. ಮಂತ್ರಿಗಳು ಬರಹದಲ್ಲಿ ಉತ್ತರ ಕೊಡಲೇಬೇಕಾಗುತ್ತದೆ. ಶಾಸಕರು ಸುಮ್ನೆ ಕೂತರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಇಲಾಖೆ ಉತ್ತರಿಸಬೇಕು. ಬಂದ ಉತ್ತರವನ್ನು ಮುಂದಿನ ಗ್ರಾಮಸಭೆಯಲ್ಲಿ ಜೋರಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳಿ.