ಹಳೇ ಸಿನಿಮಾಗೆ ಮೊದಲು ಬಳೆ ಪರೀಕ್ಷೆ

‘ಹಳೇ ಕನ್ನಡ ಸಿನಿಮಾ ನೋಡಬೇಕು, ಎಲ್ಲಿಂದ ಶುರು ಮಾಡಲಿ?’ ಅಂತ ಕೇಳಿದವರಿಗೆಲ್ಲ ಹಿಂದೆ ಒಂದು ಹೆಸರು ಹೇಳಿ ಕಳಿಸುತ್ತಿದ್ದೆ. ವಾರ ಕಳೆದು ಸಿಕ್ಕಾಗ ‘ಅರ್ಧಕ್ಕೇ ಬಿಟ್ಟೆ’ ಅನ್ನುವ ಉತ್ತರ. ಒಬ್ಬರ ಮನೆಯಲ್ಲಿ ಜೊತೆಗೇ ಕೂತು ನೋಡಿದ ಮೇಲೆ ಕಾರಣ ತಿಳಿಯಿತು. ಗೋಡೆಯಗಲದ ಟಿವಿಯಲ್ಲಿ ನಟಿ ಕಲ್ಪನಾ ಕುಳ್ಳಗೆ, ದುಂಡಗೆ ಕಾಣುತ್ತಿದ್ದರು. ಎರಡು ಹಾಡು ನಾಪತ್ತೆ. ಹೀಗೆ ನೋಡಿದರೆ ನಾನೂ ಎದ್ದು ಹೋಗುತ್ತಿದ್ದೆ.

ಮೊದಲ ಹೆಜ್ಜೆ: ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಆರಿಸಿಕೊಳ್ಳಿ. ಚರ್ಚೆ ಬೇಡ. ‘ಸಂಸ್ಕಾರ’, ‘ಘಟಶ್ರಾದ್ಧ’ ದೊಡ್ಡ ಸಿನಿಮಾಗಳೇ, ಆದರೆ ಅವು ನಾಲ್ಕನೆಯದೋ ಐದನೆಯದೋ ಆಗಿ ಬರಲಿ.

ಎರಡನೆಯದು ಒಳ್ಳೆಯ ಪ್ರತಿ ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ಇಂಟರ್ನೆಟ್ಟಿನಲ್ಲಿ ಒಂದೇ ಸಿನಿಮಾದ ಹಲವು ಪ್ರತಿ ಸಿಗುತ್ತವೆ. ಮೊದಲು ಕಂಡದ್ದನ್ನು ಒತ್ತಬೇಡಿ. ಆ ಕಾಲದ ಕಪ್ಪು-ಬಿಳುಪು ಚಿತ್ರಗಳ ಚೌಕಟ್ಟು ಹೆಚ್ಚುಕಮ್ಮಿ 4:3, ಇವತ್ತಿನ ಟಿವಿ 16:9. ಹಾಗಾಗಿ ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಅದನ್ನು ದಂಡ ಅಂದುಕೊಂಡವರು ಚಿತ್ರವನ್ನು ಎಳೆದು ಅಗಲ ಮಾಡುತ್ತಾರೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸುತ್ತಾರೆ. ಯಾವುದು ಆಗಿದೆ ಅಂತ ತಿಳಿಯಲು ಬಳೆ, ಗೋಡೆ ಗಡಿಯಾರ, ಗಾಡಿಯ ಚಕ್ರ, ಇಂಥದ್ದೊಂದು ನೇರಕ್ಕೆ ಕಂಡಲ್ಲಿ ನಿಲ್ಲಿಸಿ. ಮೊಟ್ಟೆಯಂತಿದ್ದರೆ ಎಳೆದದ್ದು, ರಿಮೋಟಿನಲ್ಲಿ 4:3 ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಳೆ ದುಂಡಗಿದ್ದೂ ತಲೆಗಳು ಹಣೆಗೇ ತುಂಡಾಗಿದ್ದರೆ, ಶುರುವಿನಲ್ಲಿ ಬರುವ ಹೆಸರುಗಳ ಮೇಲಿನ ಸಾಲು ಹಾರಿಹೋಗಿದ್ದರೆ, ಕತ್ತರಿಸಿದ್ದು. ಅದಕ್ಕೆ ಮದ್ದಿಲ್ಲ, ಬೇರೆ ಹುಡುಕಿ.

ಆಮೇಲೆ ಉದ್ದ. ಶುರುವಿನಲ್ಲಿ ಸೆನ್ಸಾರ್ ಪತ್ರ ಕಂಡರೆ ಅದರಲ್ಲಿ ಚಿತ್ರದ ಉದ್ದ ಮೀಟರಿನಲ್ಲಿರುತ್ತದೆ. 35 ಎಂಎಂ ಫಿಲಂ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ, ಭಾಗಿಸಿ ನೋಡಿ. 4,110 ಮೀಟರ್ ಅಂದರೆ 150 ನಿಮಿಷ. ನಿಮ್ಮ ಪ್ರತಿ 125ಕ್ಕೇ ಮುಗಿದರೆ ಯಾರೋ ಕತ್ತರಿ ಆಡಿಸಿದ್ದಾರೆ. 144 ಇದ್ದರೆ ಮಾತ್ರ ಬೈಯಬೇಡಿ. ಸೆಕೆಂಡಿಗೆ 24 ಚೌಕಟ್ಟಿನ ಫಿಲಂ ನಮ್ಮ ಹಳೇ ಟಿವಿ ಪದ್ಧತಿಯಲ್ಲಿ 25ರ ವೇಗಕ್ಕೆ ಓಡುತ್ತಿತ್ತು. ಏನೂ ಹೋಗಿರುವುದಿಲ್ಲ, ಹಾಡಿನ ಶ್ರುತಿ ಒಂಚೂರು ಏರಿರುತ್ತದೆ ಅಷ್ಟೆ.

ಫುಟ್‌ಪಾತಿನ ‘ಒಂದರಲ್ಲಿ ಮೂರು’ ಡಿವಿಡಿಗೆ ದುಡ್ಡು ಹಾಕಬೇಡಿ. ಮೂರು ಸಿನಿಮಾ ಒಂದು ತಟ್ಟೆಗೆ ತುರುಕಿದರೆ ಮುಖಗಳು ಕಲಸಿಹೋಗುತ್ತವೆ. ಬಣ್ಣ ಹಚ್ಚಿದ ಪ್ರತಿಗಳ ವಿಷಯದಲ್ಲೂ ನಾನು ಹಠಮಾರಿ: ‘ಕಸ್ತೂರಿ ನಿವಾಸ’ (1971) ಬಣ್ಣ ತೊಟ್ಟು 2014ರಲ್ಲಿ ಮತ್ತೆ ತೆರೆಗೆ ಬಂತು, ಆದರೂ ಮೊದಲ ಸಲ ಕಪ್ಪು-ಬಿಳುಪಿನಲ್ಲೇ ನೋಡಿ. ನೆರಳು ಬೆಳಕನ್ನು ಕೂಡಿಸಿದ್ದು ಅದಕ್ಕೆ.

ಮೂರು: ಟಿವಿಯಲ್ಲಿ ಚಲನೆ ನುಣ್ಣಗೆ ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಫೋನ್ ಪಕ್ಕದ ಕೋಣೆಗೆ.

ನಾಲ್ಕು: ಹಾಡು ಓಡಿಸಬೇಡಿ. ಬೇಂದ್ರೆಯವರ ‘ಮೂಡಲ ಮನೆಯ’ ಇರುವುದು ಇದರಲ್ಲೇ. ಕಥೆ ಸರಳ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾಗೆ ಮದುವೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ವರನ ಲೆಕ್ಕಾಚಾರ ಬದಲಾಗುತ್ತದೆ. ಮುಗಿದ ಮೇಲೆ ಆ ಭಾಗಕ್ಕೆ ಹಿಂದಿರುಗಿ, ಹತ್ತು ನಿಮಿಷ ಸದ್ದು ಆರಿಸಿ ನೋಡಿ. ಮಾತಿಲ್ಲದಾಗ ಯಾರು ಯಾರಿಗೆ ಬೆನ್ನು ಕೊಡುತ್ತಾರೆ, ಕ್ಯಾಮೆರಾ ಯಾವಾಗ ಹತ್ತಿರ ಹೋಗುತ್ತದೆ ಅನ್ನುವುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಮುಂದಿನ ವಾರಕ್ಕೆ ‘ಶರಪಂಜರ’ (1971). ಅದೇ ಪುಟ್ಟಣ್ಣ, ಅದೇ ಕಲ್ಪನಾ, ಎರಡರ ಕಾದಂಬರಿಯೂ ತ್ರಿವೇಣಿಯವರದೇ. 1963ರಲ್ಲೇ ತೀರಿಕೊಂಡ ತ್ರಿವೇಣಿ ಈ ಎರಡನ್ನೂ ನೋಡಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಮಾತ್ರ ಅವಸರ ಬೇಡ. ಅದನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಆ ಪ್ರತಿ ನಿಮ್ಮೂರಿನ ಚಿತ್ರೋತ್ಸವಕ್ಕೆ ಬಂದರೆ ರಜೆ ಹಾಕಿ ಹೋಗಿ. ಅಲ್ಲಿಯವರೆಗೆ ಮಸುಕು ಪ್ರತಿ ಮುಟ್ಟಬೇಡಿ.