ಲಾಗಿನ್ ಲೈಬ್ರರಿ ಸರ್ಟಿಫಿಕೇಟನ್ನು ನಿಜವಾಗಿ ನೋಡುತ್ತಿದೆಯೇ? ಪರೀಕ್ಷಿಸುವುದು ಹೀಗೆ

ಬ್ರೌಸರಿನಲ್ಲಿ ಬೀಗದ ಗುರುತು ಕಂಡಿತು, ಲಾಗಿನ್ ಭದ್ರವಾಗಿದೆ ಎಂದು ಸುಮ್ಮನಾಗಬೇಡಿ. ಬಳಕೆದಾರರ ಬ್ರೌಸರಿಗೂ ಸರ್ವರಿಗೂ ನಡುವೆ ಇರುವ ಸಂಪರ್ಕದ ವಿಷಯವನ್ನಷ್ಟೇ ಆ ಬೀಗ ಹೇಳುತ್ತದೆ. ಸಿಂಗಲ್ ಸೈನ್-ಆನ್ (ಒಂದೇ ಲಾಗಿನ್‌ನಿಂದ ಹಲವು ಸೈಟುಗಳಿಗೆ ಪ್ರವೇಶ) ಇರುವ ಕಡೆ ಹಿಂದೆ ಇನ್ನೊಂದು ಮಾತುಕತೆ ನಡೆಯುತ್ತದೆ. ನಿಮ್ಮ ಸೈಟು ತಾನೇ ಲಾಗಿನ್ ಸರ್ವರನ್ನು ಸಂಪರ್ಕಿಸಿ ಬಳಕೆದಾರರು ತಂದ ಟಿಕೆಟ್ (ಲಾಗಿನ್ ಆದದ್ದಕ್ಕೆ ಸಿಕ್ಕ ಗುರುತಿನ ಸಂಕೇತ) ತೋರಿಸಿ 'ಈ ಟಿಕೆಟ್ ಯಾರದು?' ಎಂದು ಕೇಳುತ್ತದೆ. ಅಲ್ಲಿ ಬ್ರೌಸರೂ ಇಲ್ಲ, ಅದರ ಎಚ್ಚರಿಕೆಯೂ ಇಲ್ಲ. ಸರ್ವರ್ ಅಸಲಿಯೇ ಎಂದು ತೋರಿಸುವ ಸರ್ಟಿಫಿಕೇಟನ್ನು ನೋಡಬೇಕಾದದ್ದು ಲೈಬ್ರರಿಯೇ, ಅಂದರೆ ಲಾಗಿನ್ ಕೆಲಸಕ್ಕೆ ನಿಮ್ಮ ಸೈಟು ಬಳಸುವ ಸಿದ್ಧ ಕೋಡ್.

ಸಿಂಗಲ್ ಸೈನ್-ಆನ್‌ನ ಒಂದು ಬಗೆಯಾದ ಸಿಎಎಸ್ ಪದ್ಧತಿಯನ್ನೇ ತೆಗೆದುಕೊಳ್ಳಿ. ಪಾಸ್‌ವರ್ಡ್ ಕೊಟ್ಟ ಬಳಕೆದಾರರು ಒಂದು ಟಿಕೆಟ್ ಜೊತೆ ನಿಮ್ಮ ಸೈಟಿಗೆ ಬರುತ್ತಾರೆ. ಲೈಬ್ರರಿ ಆ ಟಿಕೆಟನ್ನು ಸಿಎಎಸ್ ಸರ್ವರಿಗೆ ಕಳಿಸಿದರೆ, ಬಳಕೆದಾರರ ಹೆಸರಿರುವ ಪುಟ್ಟ ಎಕ್ಸ್‌ಎಂಎಲ್ ಉತ್ತರ ಬರುತ್ತದೆ. ಅದಕ್ಕೆ ಡಿಜಿಟಲ್ ಸಹಿ ಇರುವುದಿಲ್ಲ. ಸರ್ಟಿಫಿಕೇಟ್ ನೋಡದೇ ಹೋದರೆ, ನಡುವೆ ನುಸುಳಿದವರು ಹೆಸರಿನ ಜಾಗದಲ್ಲಿ 'ಅಡ್ಮಿನ್' ಎಂದು ಬರೆದು ಕಳಿಸಬಹುದು. ಸೈಟು ನಂಬಿ ಒಳಗೆ ಬಿಟ್ಟುಬಿಡುತ್ತದೆ. ಪಾಸ್‌ವರ್ಡ್ ಕದಿಯುವ ಅಗತ್ಯವೇ ಇಲ್ಲ. ಇನ್ನೊಂದು ಲಾಗಿನ್ ಪದ್ಧತಿಯಾದ ಓಪನ್‌ಐಡಿ ಕನೆಕ್ಟ್‌ನಲ್ಲೂ ಅಪಾಯ ಇದ್ದೇ ಇದೆ. ಬಳಕೆದಾರರು ಯಾರೆಂದು ಹೇಳುವ ಐಡಿ ಟೋಕನ್ ನೇರವಾಗಿ ಲಾಗಿನ್ ಸರ್ವರಿನಿಂದ ಬಂದಿದ್ದರೆ, ಸಹಿ ನೋಡುವ ಬದಲು ಟಿಎಲ್‌ಎಸ್ (ಸಂಪರ್ಕವನ್ನು ಭದ್ರಗೊಳಿಸುವ ವ್ಯವಸ್ಥೆ) ಮಾಡುವ ಸರ್ಟಿಫಿಕೇಟ್ ಪರಿಶೀಲನೆಯನ್ನೇ ನೆಚ್ಚಿಕೊಳ್ಳಲು ಅದರ ನಿಯಮಾವಳಿ ಅವಕಾಶ ಕೊಡುತ್ತದೆ.

ಮೊದಲ ಕೆಲಸ, ಕೋಡಿನಲ್ಲಿ ಪರಿಶೀಲನೆಯನ್ನು ಯಾರಾದರೂ ಆಫ್ ಮಾಡಿದ್ದಾರಾ ಎಂದು ಹುಡುಕುವುದು. ಪಿಎಚ್‌ಪಿ ಭಾಷೆಯ ಸಿಎಎಸ್ ಲೈಬ್ರರಿಯಾದ ಪಿಎಚ್‌ಪಿ-ಸಿಎಎಸ್‌ನಲ್ಲಿ 'ಸೆಟ್-ನೋ-ಸಿಎಎಸ್-ಸರ್ವರ್-ವ್ಯಾಲಿಡೇಷನ್', ಪೈಥಾನ್‌ನಲ್ಲಿ 'ವೆರಿಫೈ = ಫಾಲ್ಸ್', ಗೋ ಭಾಷೆಯಲ್ಲಿ 'ಇನ್‌ಸೆಕ್ಯೂರ್-ಸ್ಕಿಪ್-ವೆರಿಫೈ' ಕಂಡರೆ ಅಲ್ಲೇ ನಿಲ್ಲಿ. ನೋಡ್ ಜೆಎಸ್ ಬಳಸುವವರು ಸರ್ವರಿನ ಎನ್ವಿರಾನ್ಮೆಂಟ್ ಸೆಟ್ಟಿಂಗ್‌ಗಳನ್ನೂ ನೋಡಬೇಕು. ಅಲ್ಲಿ 'ಟಿಎಲ್‌ಎಸ್ ರಿಜೆಕ್ಟ್ ಅನ್‌ಆಥರೈಸ್ಡ್' 0 ಆಗಿದ್ದರೆ ಕೋಡ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಇಂಥ ಸಾಲುಗಳು ಹೆಚ್ಚಾಗಿ ಟೆಸ್ಟಿಂಗ್ ಸಮಯದಲ್ಲಿ 'ಸದ್ಯಕ್ಕೆ ಇರಲಿ' ಎಂದು ಸೇರಿ, ಹಾಗೇ ಲೈವ್ ಸೈಟಿಗೂ ಹೋಗಿಬಿಡುತ್ತವೆ.

ಪರಿಶೀಲನೆ ಆನ್ ಇದ್ದರೆ ಸಾಕಾಗುವುದಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಸರ್ಟಿಫಿಕೇಟ್ ಕೊಟ್ಟವರು ನಂಬಿಕಸ್ಥರೇ? ಅದರಲ್ಲಿರುವ ಹೆಸರು ನಾವು ಸಂಪರ್ಕಿಸಿದ ಸರ್ವರಿನದೇ? ಎರಡನೆಯದನ್ನು ಬಿಟ್ಟರೆ, ಯಾವುದೋ ಸೈಟಿಗೆ ಪಡೆದ ಅಸಲಿ ಸರ್ಟಿಫಿಕೇಟೂ ನಿಮ್ಮಲ್ಲಿ ನಡೆಯುತ್ತದೆ. ಬೇರೆ ಸರ್ವರುಗಳನ್ನು ಸಂಪರ್ಕಿಸಲು ಕರ್ಲ್ ಎಂಬ ಲೈಬ್ರರಿ ಬಳಸುವವರು ಇಲ್ಲಿ ಎಡವುತ್ತಿದ್ದರು. ಹೆಸರಿನ ಪರಿಶೀಲನೆಗೆ 2 ಎಂದು ಕೊಡಬೇಕಿತ್ತು. 'ಟ್ರೂ' ಎಂದು ಬರೆದರೆ ಅದು 1 ಆಗಿ, ಹೆಸರು ಹೊಂದುತ್ತದೆಯೇ ಎಂದು ನೋಡುತ್ತಲೇ ಇರಲಿಲ್ಲ. 2012ರಲ್ಲಿ ಅಮೆರಿಕದ ಸಂಶೋಧಕರು ಹೀಗಾಗಿದ್ದ ಎಷ್ಟೋ ಸಾಫ್ಟ್‌ವೇರ್‌ಗಳನ್ನು ಪತ್ತೆ ಮಾಡಿದರು. ಈಗಿನ ಕರ್ಲ್ 1 ಕೊಟ್ಟರೂ 2 ಎಂದೇ ಎಣಿಸುತ್ತದೆ. ಹಳೆಯ ಆವೃತ್ತಿ ಇದ್ದರೆ ಅಪ್‌ಡೇಟ್ ಮಾಡಿ.

ಲಾಗಿನ್ ಸರ್ವರಿಗೆ ಸಂಸ್ಥೆಯ ಸ್ವಂತ ಸರ್ಟಿಫಿಕೇಟ್ ಇದೆಯಾ? ಆಗಲೂ ಪರಿಶೀಲನೆ ಆಫ್ ಮಾಡಬೇಕಿಲ್ಲ. ಸಂಸ್ಥೆಯ ರೂಟ್ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟುಗಳನ್ನು ನಂಬಲು ಆಧಾರವಾದ ಮೂಲ ಸರ್ಟಿಫಿಕೇಟ್) ಇರುವ ಫೈಲನ್ನು ಲೈಬ್ರರಿಗೆ ತೋರಿಸಿ. ಸರ್ವರಿನ ಸರ್ಟಿಫಿಕೇಟನ್ನೇ ಕೊಡಬೇಡಿ, ಅದು ಬದಲಾದ ದಿನ ಲಾಗಿನ್ ನಿಂತುಹೋಗುತ್ತದೆ.

ಇನ್ನು ಪರೀಕ್ಷೆ. ನನ್ನ ಮಟ್ಟಿಗೆ ಇದೇ ಮುಖ್ಯ, ಆದರೆ ಮಾಡುವವರು ಕಡಿಮೆ. ಸರಿಯಾದ ಸರ್ಟಿಫಿಕೇಟ್ ಇದ್ದಾಗ ಲಾಗಿನ್ ಆಗುವುದು ಏನನ್ನೂ ಸಾಬೀತು ಮಾಡುವುದಿಲ್ಲ, ಪರಿಶೀಲನೆ ಆಫ್ ಆಗಿದ್ದರೂ ಲಾಗಿನ್ ಆಗುತ್ತದಲ್ವಾ? ಕೆಟ್ಟ ಸರ್ಟಿಫಿಕೇಟ್ ಕೊಟ್ಟು ನೋಡಬೇಕು. ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಇರುವುದೇ ಇದಕ್ಕೆ. ಅವಧಿ ಮುಗಿದದ್ದು, ಹೆಸರು ಹೊಂದದ್ದು, ತಾನೇ ಸಹಿ ಹಾಕಿಕೊಂಡದ್ದು, ಹೀಗೆ ಒಂದೊಂದಕ್ಕೂ ಅಲ್ಲಿ ಪ್ರತ್ಯೇಕ ವಿಳಾಸವಿದೆ. ಟೆಸ್ಟ್ ಸೆಟಪ್‌ನಲ್ಲಿ ಲಾಗಿನ್ ಸರ್ವರಿನ ವಿಳಾಸದ ಜಾಗದಲ್ಲಿ ಅವನ್ನು ಒಂದೊಂದಾಗಿ ಹಾಕಿ, ಒಂದು ಸುಳ್ಳು ಟಿಕೆಟ್ ಕಳಿಸಿ.

ಲಾಗಿನ್ ಹೇಗೂ ಆಗುವುದಿಲ್ಲ. ನೋಡಬೇಕಾದದ್ದು ಲಾಗ್ ಫೈಲಿನಲ್ಲಿ ಯಾವ ಎರರ್ ಬಂದಿದೆ ಎಂದು. ಸರ್ಟಿಫಿಕೇಟ್ ಬಗ್ಗೆ ದೂರು ಇದ್ದರೆ ಸರಿ. 'ಪುಟ ಸಿಗಲಿಲ್ಲ, 404' ಅಥವಾ 'ಎಕ್ಸ್‌ಎಂಎಲ್ ಓದಲಾಗಲಿಲ್ಲ' ಎಂದು ಬಂದರೆ, ಲೈಬ್ರರಿ ಆ ಸರ್ಟಿಫಿಕೇಟನ್ನು ಒಪ್ಪಿ ಟಿಕೆಟನ್ನೂ ಕಳಿಸಿಬಿಟ್ಟಿದೆ ಎಂದರ್ಥ. ಹೆಸರು ಹೊಂದದ ವಿಳಾಸಕ್ಕೆ ಹೆಸರಿನ ದೂರೇ ಬರಬೇಕು, ಬೇರೆ ದೂರು ಬಂದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ನಿಮ್ಮ ಸೈಟಿನ ಸರ್ವರ್ ನಂಬುವ ರೂಟ್ ಸರ್ಟಿಫಿಕೇಟುಗಳ ಪಟ್ಟಿಯನ್ನೂ ಆಗಾಗ ಅಪ್‌ಡೇಟ್ ಮಾಡಿ. 2021ರ ಸೆಪ್ಟೆಂಬರ್ 30ರಂದು ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಹಳೆಯ ರೂಟ್ ಒಂದರ ಅವಧಿ ಮುಗಿದಾಗ, ಹಳೆಯ ಪಟ್ಟಿ ಇದ್ದ ಯಂತ್ರಗಳು ಸರಿಯಾದ ಸರ್ಟಿಫಿಕೇಟುಗಳನ್ನೂ ತಿರಸ್ಕರಿಸಿದವು. ಅಂಥ ದಿನ ಬಂದರೆ ಪಟ್ಟಿ ಬದಲಿಸಿ, ಪರಿಶೀಲನೆಯ ಸೆಟ್ಟಿಂಗ್ ಮುಟ್ಟಬೇಡಿ.